ಸ್ಪ್ರೆಡ್, ಟೆಂಪೋ, ಆರ್‌ಪಿಒ ಕಾಲದಲ್ಲಿ ಕಾಲೇಜು ಡಿಫೆನ್ಸ್ ನುಗ್ಗಬೇಕಾ, ಕಾಯಬೇಕಾ?

ಕೊಲಂಬಸ್_ಕನ್ನಡಿಗ
ಅಮೆರಿಕನ್ ಕಾಲೇಜು ಫುಟ್‌ಬಾಲ್ ಸೀಸನ್ ಮುಗಿದಿದೆ, ಶನಿವಾರ ಮಾಡಲು ಕೆಲಸವಿಲ್ಲ. ನಿನ್ನೆ ರಾತ್ರಿ 2022ರ ಓಹಾಯೋ ಸ್ಟೇಟ್-ಮಿಶಿಗನ್ ಮ್ಯಾಚನ್ನು ಮತ್ತೆ ಹಾಕಿಕೊಂಡು ಕೂತೆ. ಯಾಕೆ ಅಂತ ಕೇಳಬೇಡಿ. ಒಣಗಿದ ಗಾಯ ಕೆರೆದುಕೊಳ್ಳುವ ಚಟ.

ನಮ್ಮ ಓಹಾಯೋ ಸ್ಟೇಟ್‌ಗೆ 45-23ರ ಸೋಲು. ಮಿಶಿಗನ್‌ನ ಆರು ಟಚ್‌ಡೌನ್‌ಗಳಲ್ಲಿ (ಚೆಂಡನ್ನು ಎದುರಾಳಿಯ ಗೆರೆ ದಾಟಿಸುವುದು) ಐದು ಹೇಗೆ ಬಂದವು ನೋಡಿ: 69 ಗಜ, 75 ಗಜ, 45 ಗಜ, 75 ಗಜ, 85 ಗಜ. ಉಳಿದ ಹೊತ್ತು ನಮ್ಮವರು ಚೆನ್ನಾಗಿಯೇ ತಡೆದರು. ಐದೇ ಸಲ ಬಾಗಿಲು ತೆಗೆದಿಟ್ಟು ಮಲಗಿದರು, ಐದೂ ಸಲ ಕಳ್ಳ ಬಂದ.

ಡಿಫೆನ್ಸ್ ಕೋಚ್ ಜಿಮ್ ನೋಲ್ಸ್ ಆ ವರ್ಷವೇ ಬಂದಿದ್ದರು. ಮೈಮೇಲೆ ಬಿದ್ದು ಆಡಿಸುವ ಮನುಷ್ಯ. ಅದೇ ನೋಲ್ಸ್ 2024ರಲ್ಲಿ ರಾಷ್ಟ್ರೀಯ ಚಾಂಪಿಯನ್ ತಂಡದ ಡಿಫೆನ್ಸ್ ನಡೆಸಿದರು. ಪಂದ್ಯಕ್ಕೆ ಸರಾಸರಿ 13 ಪಾಯಿಂಟ್ ಕೂಡ ಬಿಡಲಿಲ್ಲ. ಹಾಗಾದರೆ ನಡುವೆ ಏನಾಯಿತು?

ಅಗಲಕ್ಕೆ ಹರಡಿ ನಿಲ್ಲುವ ಸ್ಪ್ರೆಡ್, ಉಸಿರಾಡಲು ಬಿಡದೆ ಆಡುವ ಟೆಂಪೋ, ಓಟವೋ ಪಾಸೋ ಅಂತ ಕೊನೆ ಗಳಿಗೆಯಲ್ಲಿ ತೀರ್ಮಾನಿಸುವ ಆರ್‌ಪಿಒ, ಇಂಥ ಈಗಿನ ಆಫೆನ್ಸ್ ಎದುರು ಡಿಫೆನ್ಸ್ ನುಗ್ಗಿ ಆಡಬೇಕಾ, ಹಿಂದೆ ನಿಂತು ಕಾಯಬೇಕಾ? ನಿಮ್ಮ ನಿಮ್ಮ ತಂಡಗಳ ಕಥೆ ಹೇಳಿ.

ಸುಮ್ನೆ_ನೋಡೋನು
ಮೊದಲು ಮಿಶಿಗನ್ ಜೊತೆ ಆಡುವುದನ್ನು ಬಿಡಬೇಕು.

ಹಳೇ_ನೀಲಿ
ಆ ಮ್ಯಾಚನ್ನು ನಾನೂ ವರ್ಷಕ್ಕೆ ಎರಡು ಸಲ ನೋಡುತ್ತೇನೆ, ಬೇರೆ ಕಾರಣಕ್ಕೆ.

ಆದರೆ ನಿಮ್ಮ ಉದಾಹರಣೆ ಸರಿಯಿಲ್ಲ ಸರ್. ನಮ್ಮ ಮಿಶಿಗನ್ ಸ್ಪ್ರೆಡ್ ತಂಡ ಆಗಿರಲಿಲ್ಲ. ಎರಡು ಮೂರು ಟೈಟ್ ಎಂಡ್ (ಲೈನ್ ಪಕ್ಕ ನಿಂತು ತಡೆಯುವ, ಪಾಸೂ ಹಿಡಿಯುವ ದೊಡ್ಡ ಮೈಯವರು) ನಿಲ್ಲಿಸಿ ಗುದ್ದಿಕೊಂಡು ಹೋಗುವ ಹಳೇ ಆಟ. ನಿಮ್ಮವರು ಓಟ ನಿಲ್ಲಿಸಲು ಎಲ್ಲರನ್ನೂ ಮುಂದೆ ತಂದು ನಿಲ್ಲಿಸಿದರು. ಹಿಂದೆ ಯಾರೂ ಉಳಿಯಲಿಲ್ಲ. ಒಬ್ಬ ಜಾರಿದರೆ ಮುಗಿಯಿತು, ಗೆರೆ ತನಕ ಖಾಲಿ ರಸ್ತೆ. ಇದು ಹೊಸ ಆಫೆನ್ಸ್ ತಂದ ಸಮಸ್ಯೆ ಅಲ್ಲ. ದುರಾಸೆ.

ಕೊಲಂಬಸ್_ಕನ್ನಡಿಗ
ದುರಾಸೆ ಅಂದಿದ್ದು ಒಪ್ಪಿದೆ. ಆದರೆ ಅದು ಹೆದರಿಕೆಯಿಂದ ಹುಟ್ಟಿದ ದುರಾಸೆ. 2021ರಲ್ಲಿ ನಿಮ್ಮ ಹ್ಯಾಸನ್ ಹ್ಯಾಸ್ಕಿನ್ಸ್ ಒಬ್ಬನೇ ಐದು ಟಚ್‌ಡೌನ್ ಓಡಿದ್ದ. ಆ ಓಟ ನಿಲ್ಲಿಸಲು ಹೋಗಿ ಪಾಸ್‌ಗೆ ಸಿಕ್ಕಿಕೊಂಡೆವು. ಬಾಣಲೆಯಿಂದ ಬೆಂಕಿಗೆ.

ಮೂರನೇ_ಸೇಫ್ಟಿ
ನುಗ್ಗಬೇಕಾ ಕಾಯಬೇಕಾ ಅನ್ನುವ ಪ್ರಶ್ನೆಯೇ ಹಳೆಯದು ಅನಿಸುತ್ತದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾದರೆ ಕೆಳಗೆ ಹೋಗಿ.

ಹಳೇ ಆಟದಲ್ಲಿ ಆಫೆನ್ಸ್ ನಡೆಸುವ, ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಓಡುವವನ ಕೈಗಿಟ್ಟು ನಿಂತು ನೋಡುತ್ತಿದ್ದ. ಡಿಫೆನ್ಸ್‌ಗೆ ಒಬ್ಬ ಆಳು ಉಳಿತಾಯ. ಝೋನ್ ರೀಡ್ ಆ ಉಳಿತಾಯವನ್ನು ಕಿತ್ತುಕೊಂಡಿತು. ಡಿಫೆನ್ಸ್‌ನ ಅಂಚಿನಲ್ಲಿರುವ ಒಬ್ಬನನ್ನು ಬೇಕೆಂದೇ ಯಾರೂ ತಡೆಯುವುದಿಲ್ಲ. ಕ್ವಾರ್ಟರ್‌ಬ್ಯಾಕ್ ಅವನನ್ನೇ ನೋಡುತ್ತಿರುತ್ತಾನೆ. ಅವನು ಓಡುವವನ ಮೇಲೆ ಬಿದ್ದರೆ ಚೆಂಡು ಇಟ್ಟುಕೊಂಡು ತಾನೇ ಓಡುತ್ತಾನೆ. ಅವನು ಕಾದು ನಿಂತರೆ ಕೊಟ್ಟುಬಿಡುತ್ತಾನೆ.

ಆರ್‌ಪಿಒದಲ್ಲಿ ಇದೇ ಕಾಟ ಲೈನ್ ಹಿಂದೆ ನಿಲ್ಲುವ ಲೈನ್‌ಬ್ಯಾಕರ್‌ಗೂ ಎಲ್ಲರಿಗಿಂತ ಹಿಂದೆ ನಿಲ್ಲುವ ಸೇಫ್ಟಿಗೂ ಬಂತು. ಆಫೆನ್ಸ್ ಲೈನ್‌ನ ಐವರೂ ಓಟಕ್ಕೆ ತಡೆಯುವ ಹಾಗೆ ಮುಂದೆ ನುಗ್ಗುತ್ತಾರೆ. ಓಟ ಅಂತ ಲೈನ್‌ಬ್ಯಾಕರ್ ಎರಡು ಹೆಜ್ಜೆ ಮುಂದಿಟ್ಟರೆ ಅವನ ಬೆನ್ನ ಹಿಂದೆ ಪಾಸ್. ಹಿಂದೆ ಸರಿದರೆ ಓಟ. ಅವನು ಏನು ಮಾಡಿದರೂ ತಪ್ಪು. ಯಾಕೆಂದರೆ ಆಫೆನ್ಸ್ ತೀರ್ಮಾನ ಮಾಡುವುದು ಅವನು ಮಾಡಿದ ಮೇಲೆ.

ಇದರ ಮೇಲೆ ಕಾಲೇಜು ಮೈದಾನದ ಅಗಲ. ಒಟ್ಟು 160 ಅಡಿ. ಪ್ರತಿ ಆಟ ಶುರುವಾಗುವ ಜಾಗಕ್ಕೆ ಎಡ ಬಲ ಮಿತಿ ಹಾಕುವ ಹ್ಯಾಶ್ ಗುರುತುಗಳ ನಡುವೆ 40 ಅಡಿ. ವೃತ್ತಿಪರ ಲೀಗಿನಲ್ಲಿ ಅದು ಹದಿನೆಂಟೂವರೆ ಅಡಿ ಮಾತ್ರ. ಹಾಗಾಗಿ ಕಾಲೇಜಿನಲ್ಲಿ ಚೆಂಡು ಎಡ ಹ್ಯಾಶ್ ಮೇಲಿದ್ದರೆ ಎಡಕ್ಕೆ 60 ಅಡಿ, ಬಲಕ್ಕೆ 100 ಅಡಿ. ಆ ಬಲಗಡೆಯ ಬಯಲನ್ನು 19 ವರ್ಷದ ಹುಡುಗರು ಕಾಯಬೇಕು.

ನನ್ನ ಪ್ರಕಾರ ಉಪಾಯ ಒಂದೇ. ಅವರು ನೋಡುತ್ತಿರುವ ಆ ಒಬ್ಬ ಆಟಗಾರ ಸುಳ್ಳು ಹೇಳಬೇಕು. ಅದು ಹೇಗೆ ಅಂತ ಆಮೇಲೆ ಬರೆಯುತ್ತೇನೆ. ಮಗುವಿಗೆ ಊಟ ಮಾಡಿಸಬೇಕು.

ಜಯನಗರ_ನಾಲ್ಕನೇ_ಬ್ಲಾಕ್
ಫುಟ್‌ಬಾಲ್ ಅಂತ ಕಂಡಿತು, ಸುನಿಲ್ ಛೇತ್ರಿ ಬಗ್ಗೆ ಇರಬೇಕು ಅಂತ ಒಳಗೆ ಬಂದೆ. ಏನ್ರೀ ಇದು? ಗಜ, ಅಡಿ, ಸುಳ್ಳು ಹೇಳುವ ಆಟಗಾರ. ಸೈಟ್ ವ್ಯವಹಾರದ ಥರ ಇದೆ.

ದಾವಣಗೆರೆ_ಟು_ಡಲ್ಲಾಸ್
ಇರಿ ಸರ್, ಓಡಬೇಡಿ. ನಾಲ್ಕು ಸಲದೊಳಗೆ 10 ಗಜ ಹೋಗಬೇಕು, ಹೋದರೆ ಮತ್ತೆ ನಾಲ್ಕು ಸಲ ಸಿಗುತ್ತದೆ. ಅಷ್ಟು ಗೊತ್ತಿದ್ದರೆ ಸಾಕು. ಉಳಿದದ್ದು ನಮಗೂ ಪೂರ್ತಿ ಗೊತ್ತಿಲ್ಲ.

ಕಬಡ್ಡಿ_ಕೆಂಚ
ನಾಲ್ಕನೇ ಬ್ಲಾಕ್‌ನವರೇ, ನಿಮಗೆ ಕಬಡ್ಡಿಯಲ್ಲಿ ಹೇಳುತ್ತೇನೆ. ಆರ್‌ಪಿಒ ಅಂದರೆ ಒಳ್ಳೆ ರೇಡರ್. ಅವನು ಬಂದು ಎಡ ಕಾರ್ನರ್ ಎದುರು ಕಾಲು ತೋರಿಸುತ್ತಾನೆ. ಕಾರ್ನರ್ ಕೈ ಹಾಕಿದನೋ, ಮುಟ್ಟಿ ಜಿಗಿದ. ಹಾಕದಿದ್ದರೆ ಬೋನಸ್ ಗೆರೆ ದಾಟಿ ಒಂದು ಪಾಯಿಂಟ್ ತಗೊಂಡ. ಮೊದಲು ಅಲುಗಾಡಿದವನು ಸೋತ.

ಮಂಡ್ಯದಲ್ಲಿ ನಾನು ಕಾರ್ನರ್ ಆಡುತ್ತಿದ್ದಾಗ ನಮ್ಮ ಮೇಷ್ಟ್ರು ಹೇಳುತ್ತಿದ್ದಿದ್ದು ಒಂದೇ. ಭುಜ ಅಲ್ಲಾಡಿಸು, ಕಾಲು ಅಲ್ಲಾಡಿಸಬೇಡ. ಹಿಡಿಯಲು ಹೊರಟ ಹಾಗೆ ಭುಜ ಬಾಗಿಸಿದರೆ ರೇಡರ್ ಇನ್ನೊಂದು ಕಡೆ ತಿರುಗುತ್ತಾನೆ. ಅಲ್ಲಿ ಕವರ್ ಆಟಗಾರ ಡ್ಯಾಶ್ ಹೊಡೆಯಲು ಕಾದಿರುತ್ತಾನೆ. @ಮೂರನೇ_ಸೇಫ್ಟಿ ಹೇಳುವ ಸುಳ್ಳು ಇದೇ ಅಲ್ವಾ?

ಮೂರನೇ_ಸೇಫ್ಟಿ
ನೂರಕ್ಕೆ ನೂರು ಇದೇ. ನಾನು ನಾಲ್ಕು ಪ್ಯಾರಾದಲ್ಲಿ ಹೇಳಲಾರದ್ದನ್ನು ನಿಮ್ಮ ಮೇಷ್ಟ್ರು ಒಂದು ಸಾಲಲ್ಲಿ ಹೇಳಿದ್ದಾರೆ.

ದಾವಣಗೆರೆ_ಟು_ಡಲ್ಲಾಸ್
ಇದರಲ್ಲಿ ರೂಲ್‌ದೂ ತಪ್ಪಿದೆ. ಪಾಸ್ ಎಸೆಯುವ ಮುಂಚೆ ಆಫೆನ್ಸ್ ಲೈನ್‌ನವರು ಐದು ಗಜ ಮುಂದೆ ಹೋಗಿರಬಹುದು ಅಂತ ಕಾಲೇಜಿನಲ್ಲಿ ಬಿಟ್ಟಿದ್ದಾರೆ. ಲೈನ್‌ಬ್ಯಾಕರ್ ಅದನ್ನು ನೋಡಿ ಓಟ ಅಂದುಕೊಳ್ಳದೆ ಇನ್ನೇನು ಮಾಡಬೇಕು?

ಹಳೇ_ನೀಲಿ
ಐದಲ್ಲ, ಮೂರು ಗಜ. ವೃತ್ತಿಪರ ಲೀಗಿನಲ್ಲಿ ಒಂದು ಗಜ.

ದಾವಣಗೆರೆ_ಟು_ಡಲ್ಲಾಸ್
ಪುಸ್ತಕದಲ್ಲಿ ಮೂರು, ರೆಫರಿ ಕಣ್ಣಲ್ಲಿ ಐದು.

ಹಳೇ_ನೀಲಿ
ಅದು ಬೇರೆ ಮಾತು, ಅದನ್ನು ಒಪ್ಪುತ್ತೇನೆ.

ದಾವಣಗೆರೆ_ಟು_ಡಲ್ಲಾಸ್
ಈ ವಿಷಯದಲ್ಲಿ ಮಾತಾಡುವ ಹಕ್ಕು ನನಗೆ ಎಲ್ಲರಿಗಿಂತ ಜಾಸ್ತಿ ಇದೆ. 2016ರಲ್ಲಿ ನಾನು ಲಬಕ್‌ನಲ್ಲಿ ಎಂಎಸ್ ಓದುತ್ತಿದ್ದೆ. ಅಕ್ಟೋಬರ್ 22, ಟೆಕ್ಸಸ್ ಟೆಕ್ - ಓಕ್ಲಹೋಮ. ನಮ್ಮ ಕಡೆ ಪ್ಯಾಟ್ರಿಕ್ ಮಹೋಮ್ಸ್, ಅವರ ಕಡೆ ಬೇಕರ್ ಮೇಫೀಲ್ಡ್. ನಾಲ್ಕು ಜನ ರೂಂಮೇಟ್‌ಗಳು, ಒಂದು ದೊಡ್ಡ ಪಾತ್ರೆ ಮಂಡಕ್ಕಿ, ಒಂದು ತಟ್ಟೆ ಮಿರ್ಚಿ. ಒಂದು ಟಚ್‌ಡೌನ್‌ಗೆ ಒಂದು ಮಿರ್ಚಿ ಅಂತ ಮಾತಾಗಿತ್ತು. ಮೊದಲ ಅರ್ಧದಲ್ಲೇ ತಟ್ಟೆ ಖಾಲಿ.

ಮಹೋಮ್ಸ್ ಎಸೆದದ್ದು 734 ಗಜ. ಓಡಿದ್ದೂ ಸೇರಿಸಿದರೆ 819. ಎರಡೂ ತಂಡಗಳು ಸರಿಯಾಗಿ 854, 854 ಗಜ ಗಳಿಸಿದವು. ಒಂದು ಗಜ ಹೆಚ್ಚಿಲ್ಲ, ಕಡಿಮೆ ಇಲ್ಲ. ಸ್ಕೋರ್ 66-59. ಸೋತವರು ನಾವು.

ಆ ಕಾಲದ ನಮ್ಮ ಬಿಗ್ 12 ಲೀಗಿನಲ್ಲಿ ಡಿಫೆನ್ಸ್ ಅನ್ನುವುದು ಮದುವೆ ಮನೆಯಲ್ಲಿ ಚಪ್ಪಲಿ ಕಾಯುವವನ ಕೆಲಸ. ನಿಂತಿರುತ್ತಾನೆ, ಹೋಗುವ ಚಪ್ಪಲಿ ಹೋಗೇ ಹೋಗುತ್ತದೆ.

ಸುಮ್ನೆ_ನೋಡೋನು
ಈ ಮನುಷ್ಯ ಪ್ರತಿ ಥ್ರೆಡ್‌ನಲ್ಲೂ ಆ 854 ಹೇಳುತ್ತಾರೆ. ಹೋದ ಸಲ ದೋಸೆ ಹಂಚಿನ ಥ್ರೆಡ್‌ನಲ್ಲಿ ಹೇಳಿದ್ದರು.

ಪುಲ್‌ಮನ್_ಶೆಟ್ಟಿ
ಟೆಕ್ ಹೆಸರು ಬಂದಮೇಲೆ ಮೈಕ್ ಲೀಚ್ ಹೆಸರು ಬರಲೇಬೇಕು. ಬರೀ ಪಾಸ್ ಎಸೆದೇ ಆಡುವ ಏರ್ ರೇಡ್ ಆಫೆನ್ಸ್ ಕಂಡುಹಿಡಿದ ಪುಣ್ಯಾತ್ಮ. ಟೆಕ್‌ನಲ್ಲಿ ಹತ್ತು ಸೀಸನ್ ಇದ್ದು, ಆಮೇಲೆ ನಮ್ಮ ವಾಷಿಂಗ್ಟನ್ ಸ್ಟೇಟ್‌ಗೆ ಬಂದರು.

ಹಳೇ_ನೀಲಿ
ಅವರೊಬ್ಬರೇ ಅಲ್ಲ. ಮೊದಲ ಹೆಸರು ಹಾಲ್ ಮಮ್ಮಿ. 1989ರಲ್ಲಿ ಅಯೋವಾ ವೆಸ್ಲಿಯನ್ ಅನ್ನುವ ಪುಟ್ಟ ಕಾಲೇಜಿನಲ್ಲಿ ಇಬ್ಬರೂ ಸೇರಿ ಶುರು ಮಾಡಿದ್ದು.

ಜಯನಗರ_ನಾಲ್ಕನೇ_ಬ್ಲಾಕ್
ಮಮ್ಮಿ?

ಹಳೇ_ನೀಲಿ
ಹೌದು ಸ್ವಾಮಿ, ಹೆಸರು ಹಾಗೇ. ನಗಬೇಡಿ.

ಪುಲ್‌ಮನ್_ಶೆಟ್ಟಿ
ತಿದ್ದಿದ್ದಕ್ಕೆ ಥ್ಯಾಂಕ್ಸ್ ಮಾರಾಯ್ರೆ. ಆದರೆ ನಾನು ಹೇಳಹೊರಟದ್ದು ಬೇರೆ. ಲೀಚ್ ಎಂಟು ವರ್ಷ ನಮ್ಮಲ್ಲಿದ್ದರು. ಪಕ್ಕದ ವಾಷಿಂಗ್ಟನ್ ಹಸ್ಕೀಸ್ ವಿರುದ್ಧ 2012ರಲ್ಲಿ ಗೆದ್ದರು. ಆಮೇಲೆ 2013ರಿಂದ 2019ರ ತನಕ ಏಳಕ್ಕೆ ಏಳೂ ಸೋಲು. ಎಲ್ಲರ ಮೇಲೂ 400 ಗಜ ಎಸೆಯುತ್ತಿದ್ದ ಆಫೆನ್ಸ್ ಹಸ್ಕೀಸ್ ಎದುರು ಬಂದ ಕೂಡಲೇ ಮಂಕಾಗುತ್ತಿತ್ತು.

ಹಸ್ಕೀಸ್ ಮಾಡಿದ್ದು ಏನೂ ದೊಡ್ಡ ವಿದ್ಯೆ ಅಲ್ಲ. ಮೂವರು ಕ್ವಾರ್ಟರ್‌ಬ್ಯಾಕ್ ಮೇಲೆ ಹೋಗುತ್ತಾರೆ, ಎಂಟು ಜನ ಹಿಂದೆ ನಿಲ್ಲುತ್ತಾರೆ. ಎಸೆಯಲು ಜಾಗ ಇಲ್ಲ. ಚಿಕ್ಕ ಪಾಸ್ ಹೊಡೆಯಿರಿ, ಆರು ಗಜ ತಗೊಳ್ಳಿ ಅಂತ ಬಿಡುತ್ತಾರೆ. ಹಿಡಿದ ಕೂಡಲೇ ಅಲ್ಲೇ ನೆಲಕ್ಕೆ ಕೆಡವುತ್ತಾರೆ. ನಮ್ಮ ಹಠಮಾರಿ ಲೀಚ್ ಓಟಕ್ಕೆ ಬದಲಾಯಿಸುತ್ತಲೇ ಇರಲಿಲ್ಲ. ಗೆರೆ ಹತ್ತಿರ ಬಂದಾಗ ಜಾಗ ಇನ್ನೂ ಕಿರಿದು, ಅಲ್ಲಿ ಒಂದು ತಪ್ಪು ಪಾಸ್, ಮುಗಿಯಿತು.

ಹಾಗಾಗಿ ನನ್ನ ಓಟು ಕಾಯುವುದಕ್ಕೆ.

ಅಥೆನ್ಸ್_ಅಮ್ಮ
ಮಗಳು ಜಾರ್ಜಿಯಾದಲ್ಲಿ ಓದಿದಳು, ಹಾಗಾಗಿ ನನಗೂ ಈ ಹುಚ್ಚು ಹಿಡಿಯಿತು. ನಿಮ್ಮ ಮಾತೆಲ್ಲ ಕೇಳಿ ಒಂದು ಅನಿಸುತ್ತಿದೆ. ನೀವೆಲ್ಲ ಬರೀ ಉಪಾಯದ ಬಗ್ಗೆ ಹೇಳುತ್ತಿದ್ದೀರಿ. ಹುಡುಗರ ಬಗ್ಗೆ ಯಾರೂ ಹೇಳುತ್ತಿಲ್ಲ.

ನಮ್ಮ 2021ರ ತಂಡ ಪಂದ್ಯಕ್ಕೆ 10 ಪಾಯಿಂಟ್ ಚಿಲ್ಲರೆ ಬಿಟ್ಟುಕೊಟ್ಟಿತು. ಆ ಡಿಫೆನ್ಸ್‌ನಿಂದ ಐದು ಹುಡುಗರು ವೃತ್ತಿಪರ ತಂಡಗಳು ಆಟಗಾರರನ್ನು ಆರಿಸುವ 2022ರ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲೇ ಹೋದರು. ಟ್ರೇವಾನ್ ವಾಕರ್ ಮೊಟ್ಟಮೊದಲನೆಯವನಾಗಿ. ಜೋರ್ಡನ್ ಡೇವಿಸ್ ಅಂತ ಒಬ್ಬ ಇದ್ದ, ಬೆಟ್ಟ. ನಡುವೆ ಅವನೊಬ್ಬ ನಿಂತರೆ ಇಬ್ಬರು ಬಂದು ತಳ್ಳಬೇಕು. ಆಗ ಓಟ ನಿಲ್ಲಿಸಲು ಏಳೆಂಟು ಜನ ಮುಂದೆ ಬರುವ ಅಗತ್ಯವೇ ಇಲ್ಲ. ಹಿಂದೆ ಬೇಕಾದಷ್ಟು ಜನ ಉಳಿಯುತ್ತಾರೆ.

ಇನ್ನೊಂದು ನೋಡಿ. 2022ರ ಅಕ್ಟೋಬರ್‌ನಲ್ಲಿ ಟೆನೆಸ್ಸಿಯವರು ಅಲಬಾಮಾ ಮೇಲೆ 52 ಹೊಡೆದರು. ಪಾಸ್ ಹಿಡಿಯುವ ರಿಸೀವರ್‌ಗಳನ್ನು ಮೈದಾನದ ಆ ತುದಿ ಈ ತುದಿಗೆ ನಿಲ್ಲಿಸಿ, ಉಸಿರಾಡಲು ಬಿಡದ ಹಾಗೆ ಆಟದ ಮೇಲೆ ಆಟ. ಜೇಲಿನ್ ಹಯಾಟ್ ಒಬ್ಬನೇ ಐದು ಟಚ್‌ಡೌನ್ ಹಿಡಿದ. ಮೂರು ವಾರ ಬಿಟ್ಟು ಅದೇ ಟೆನೆಸ್ಸಿ ನಮ್ಮ ಊರಿಗೆ ಬಂತು. 27-13. ನಮ್ಮ ಹುಡುಗರು ರಿಸೀವರ್ ಎದೆಗೇ ಅಂಟಿಕೊಂಡು ನಿಂತರು. ಜನ ಕಿರುಚಿದ ಸದ್ದಿಗೆ ಅವರ ಲೈನ್‌ಗೆ ಏನೂ ಕೇಳಿಸಲಿಲ್ಲ. ನನ್ನ ಗಂಟಲು ಮೂರು ದಿನ ಕೂತಿತ್ತು.

ಮೂರನೇ_ಸೇಫ್ಟಿ
ಅಕ್ಕ, ಒಪ್ಪುತ್ತೇನೆ. ಆದರೆ ಜಾರ್ಜಿಯಾ ಕಥೆ ಬೇರೆಯವರಿಗೆ ಉಪಯೋಗಕ್ಕೆ ಬರುವುದಿಲ್ಲ. ದೇಶದ ಒಳ್ಳೆಯ ಹುಡುಗರೆಲ್ಲ ನಿಮ್ಮಲ್ಲಿಗೆ ಬಂದರೆ ಯಾವ ಡಿಫೆನ್ಸ್ ಆಡಿದರೂ ನಡೆಯುತ್ತದೆ. ಬಡವರು ಏನು ಮಾಡಬೇಕು? ನಾನು ಓದಿದ್ದು ಅಯೋವಾ ಸ್ಟೇಟ್‌ನಲ್ಲಿ. ನಮಗೆ ಜೋರ್ಡನ್ ಡೇವಿಸ್ ಸಿಗುವುದಿಲ್ಲ.

ಹಾಗಾಗಿ ನಮ್ಮ ಡಿಫೆನ್ಸ್ ಕೋಚ್ ಜಾನ್ ಹೀಕಾಕ್ 2017ರಲ್ಲಿ ಮೂರು ಸೇಫ್ಟಿ ಇಟ್ಟು ಆಡಲು ಶುರು ಮಾಡಿದರು. ಮುಂದೆ ಮೂವರು ಲೈನ್‌ಮನ್ ಮಾತ್ರ. ಅಂಚಿನ ಇಬ್ಬರೂ ಸ್ವಲ್ಪ ಒಳಗೆ ಸರಿದು ನಿಂತು ನಡುವಿನ ಸಂದುಗಳನ್ನು ಮುಚ್ಚುತ್ತಾರೆ. ಓಡುವವನಿಗೆ ನಡುವೆ ದಾರಿ ಇಲ್ಲ, ಹೊರಗೆ ತಿರುಗಬೇಕು. ಹೊರಗೆ ತಿರುಗುವಷ್ಟರಲ್ಲಿ ಹಗುರ ಮೈಯ ವೇಗದ ಹುಡುಗರು ಬಂದಿರುತ್ತಾರೆ.

ಕೀಲಿಕೈ ನಡುವಿನ ಸೇಫ್ಟಿ. ಸಾಮಾನ್ಯವಾಗಿ ಕ್ವಾರ್ಟರ್‌ಬ್ಯಾಕ್ ನೋಡುವುದು ಹಿಂದೆ ಒಬ್ಬ ಸೇಫ್ಟಿ ಇದ್ದಾನೋ ಇಬ್ಬರೋ ಅಂತ. ಅದರಿಂದಲೇ ಮುಕ್ಕಾಲು ಗುಟ್ಟು ರಟ್ಟಾಗುತ್ತದೆ. ಮೂವರು ನಿಂತರೆ ಏನೂ ಗೊತ್ತಾಗುವುದಿಲ್ಲ. ಸ್ನ್ಯಾಪ್ ಆಗಿ ಚೆಂಡು ಕ್ವಾರ್ಟರ್‌ಬ್ಯಾಕ್ ಕೈಗೆ ಬಂದ ಮೇಲೆ ನಡುವಿನವನು ಓಟಕ್ಕೆ ಕೆಳಗೆ ಬರಬಹುದು, ಪಾಸ್‌ಗೆ ಹಿಂದೆ ಉಳಿಯಬಹುದು. ಅವನು 12-15 ಗಜ ಹಿಂದೆ ಇರುವುದರಿಂದ ಅವನ ಹೆಜ್ಜೆ ನೋಡಿ ಆರ್‌ಪಿಒ ಮಾಡುವುದು ಕಷ್ಟ. ನೋಡಬೇಕಾದವನು ಕಣ್ಣಳತೆಯಲ್ಲೇ ಇಲ್ಲ. ನಾನು ಹೇಳಿದ ಸುಳ್ಳು ಇದು. ನನ್ನ ಹೆಸರು ಯಾಕೆ ಹೀಗಿದೆ ಅಂತ ಈಗ ಗೊತ್ತಾಯಿತಾ?

ಆ ವರ್ಷ ಅಕ್ಟೋಬರ್ 7ರಂದು ಓಕ್ಲಹೋಮ ಮನೆಯಲ್ಲೇ ಅವರನ್ನು 38-31ರಲ್ಲಿ ಸೋಲಿಸಿದೆವು. ಅವರು ಮೂರನೇ ರ‍್ಯಾಂಕ್. ನಾವು ಸುಮಾರು 30 ಪಾಯಿಂಟ್‌ನಿಂದ ಸೋಲಬೇಕು ಅಂತ ಬೆಟ್ಟಿಂಗ್‌ನವರ ಲೆಕ್ಕ ಇತ್ತು. ಹಿಂದಿನ ವರ್ಷ ಕ್ವಾರ್ಟರ್‌ಬ್ಯಾಕ್ ಆಗಿದ್ದ ಜೋಯಲ್ ಲ್ಯಾನಿಂಗ್ ಆ ದಿನ ಲೈನ್‌ಬ್ಯಾಕರ್ ಆಡಿದ. ನಡುನಡುವೆ ಹೋಗಿ ಕ್ವಾರ್ಟರ್‌ಬ್ಯಾಕ್ ಕೆಲಸವನ್ನೂ ಮಾಡಿ ಬಂದ. ಅಡುಗೆಯನ್ನೂ ಅವನೇ ಮಾಡಿದ, ಬಡಿಸಿದ್ದೂ ಅವನೇ.

ದಾವಣಗೆರೆ_ಟು_ಡಲ್ಲಾಸ್
ಆ ಮೂರು ಸೇಫ್ಟಿ ಬಂದಮೇಲೆ ಬಿಗ್ 12 ನಿಜವಾಗಿ ಬದಲಾಯಿತು. ಅದನ್ನು ನೋಡಿ ಎಷ್ಟೋ ತಂಡಗಳು ನಕಲು ಮಾಡಿದವು. ನಮ್ಮ 854 ಈಗ ಆಗುವುದಿಲ್ಲ.

ಸುಮ್ನೆ_ನೋಡೋನು
ಬಂತು ನೋಡಿ ಮತ್ತೆ.

ಅಥೆನ್ಸ್_ಅಮ್ಮ
ಮೂರು ಸೇಫ್ಟಿಯ ಮಹಿಮೆ ಕೇಳಿದೆ. ಹಾಗಾದರೆ 2022ರ ಟಿಸಿಯು (ಟೆಕ್ಸಸ್‌ನ ಕಾಲೇಜು ತಂಡ) ಲೆಕ್ಕ ಹೇಳಿ. ಅವರೂ ಮೂವರು ಲೈನ್‌ಮನ್, ಹಿಂದೆ ಪಾಸ್ ಕಾಯುವ ಐವರು ಡಿಫೆನ್ಸಿವ್ ಬ್ಯಾಕ್ ಇಟ್ಟು ಆಡುತ್ತಿದ್ದವರು. ಸೆಮಿಫೈನಲ್‌ನಲ್ಲಿ ಮಿಶಿಗನ್‌ನವರನ್ನು 51-45ರಲ್ಲಿ ಸೋಲಿಸಿದರು. @ಹಳೇ_ನೀಲಿ ಕ್ಷಮಿಸಿ. ಫೈನಲ್‌ಗೆ ಬಂದರು. ನಾವು 65 ಹೊಡೆದೆವು. ಅವರು 7.

ಹಳೇ_ನೀಲಿ
ಕ್ಷಮೆ ಕೇಳಿದ್ದೀರಿ, ಸರಿ. ಆದರೆ ಆ ಮ್ಯಾಚ್ ನೆನಪಿಸಿದ್ದು ಸರಿಯಲ್ಲ. ಎರಡು ಪಾಸ್ ಅವರ ಕೈಗೆ ಕೊಟ್ಟು ಎರಡೂ ಟಚ್‌ಡೌನ್ ಆದವು.

ಅಕ್ಕ ಹೇಳಿದ್ದರಲ್ಲಿ ಹುರುಳಿದೆ. ಮೂರು ಜನರ ಲೈನ್ ಎದುರು ಎರಡು ಟೈಟ್ ಎಂಡ್ ನಿಲ್ಲಿಸಿ ಗುದ್ದಿದರೆ ಸಂದು ಬಿಡುತ್ತದೆ. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು ಇದ್ದೇ ಇರುತ್ತಾರೆ. ಎಲ್ಲರೂ ಸ್ಪ್ರೆಡ್‌ಗೆ ಅಂತ ಹಗುರವಾದಾಗ ಭಾರದ ತಂಡಕ್ಕೆ ಲಾಭ. ನಮ್ಮ 2021ರಿಂದ 2023ರ ತಂಡಗಳು ಗೆದ್ದದ್ದು ಅದರಿಂದಲೇ ಅಂತ ನನ್ನ ನಂಬಿಕೆ.

ನಮ್ಮ ಡಿಫೆನ್ಸ್ ದಾರಿ ಮೂರನೆಯದು. 2021ರಲ್ಲಿ ಬಾಲ್ಟಿಮೋರ್ ರೇವನ್ಸ್‌ನಿಂದ ಮೈಕ್ ಮ್ಯಾಕ್‌ಡೊನಾಲ್ಡ್ ಬಂದರು, ಒಂದು ವರ್ಷ ಇದ್ದು ಹೋದರು. ಆಮೇಲೆ ಜೆಸ್ಸಿ ಮಿಂಟರ್ ಅದನ್ನೇ ಮುಂದುವರಿಸಿದರು. ನಾಲ್ವರೇ ನುಗ್ಗುವುದು, ಆದರೆ ಯಾವ ನಾಲ್ವರು ಅಂತ ಗೊತ್ತಾಗುವುದಿಲ್ಲ. ಆರು ಜನ ಮುಂದೆ ನಿಲ್ಲುತ್ತಾರೆ. ಸ್ನ್ಯಾಪ್ ಆದಮೇಲೆ ಲೈನ್‌ಮನ್ ಒಬ್ಬ ಹಿಂದೆ ಸರಿಯುತ್ತಾನೆ, ಪಕ್ಕದಿಂದ ನಿಕಲ್, ಅಂದರೆ ಐದನೇ ಡಿಫೆನ್ಸಿವ್ ಬ್ಯಾಕ್, ಬರುತ್ತಾನೆ. ಹೆಚ್ಚು ಜನ ನುಗ್ಗುವ ಬ್ಲಿಟ್ಜ್ ಬಂತು ಅಂತ ಕ್ವಾರ್ಟರ್‌ಬ್ಯಾಕ್ ಗಾಬರಿಯಾಗಿ ಎಸೆದರೆ ಹಿಂದೆ ಏಳು ಜನ ಹಾಗೇ ಇದ್ದಾರೆ. ಬ್ಲಿಟ್ಜ್‌ನ ಭಯ ಪೂರ್ತಿ, ಖರ್ಚು ಇಲ್ಲ. 2023ರಲ್ಲಿ 15-0. ಫೈನಲ್‌ನಲ್ಲಿ ಮೈಕಲ್ ಪೆನಿಕ್ಸ್‌ನ ವಾಷಿಂಗ್ಟನ್ 13 ಪಾಯಿಂಟ್‌ಗೆ ನಿಂತಿತು.

ಕೊಲಂಬಸ್_ಕನ್ನಡಿಗ
ಎದುರು ತಂಡದ ಸಂಕೇತ ಮೊದಲೇ ಗೊತ್ತಿದ್ದರೆ ನಮ್ಮಜ್ಜಿಯೂ ಒಳ್ಳೆ ಡಿಫೆನ್ಸ್ ಕರೆಯುತ್ತಿದ್ದರು.

ಹಳೇ_ನೀಲಿ
ಕಾಯುತ್ತಾ ಇದ್ದೆ. ನಲವತ್ತು ರಿಪ್ಲೈ ಒಳಗೆ ಬರುತ್ತದೆ ಅಂತ ಹೆಂಡತಿ ಹತ್ತಿರ ಪಂಥ ಕಟ್ಟಿದ್ದೆ. ಗೆದ್ದೆ.

ಅಂದಹಾಗೆ ನಮ್ಮವರು ಎದುರು ತಂಡಗಳ ಸಂಕೇತ ಕದ್ದರು ಅನ್ನುವ 2023ರ ಗಲಾಟೆ ಆದಮೇಲೆ 2024ರಿಂದ ಹೆಲ್ಮೆಟ್ ಒಳಗೆ ರೇಡಿಯೋ ಬಂತು. ನಾವು ನಿಮ್ಮನ್ನು ಸೋಲಿಸಿದ್ದು ಆಗಲೂ ನಿಲ್ಲಲಿಲ್ಲ. ಆ ವರ್ಷ ನವೆಂಬರ್‌ನಲ್ಲಿ 13-10.

ಕಬಡ್ಡಿ_ಕೆಂಚ
ಇಬ್ಬರೂ ಜಗಳ ಬಿಡಿ. ಆ ರೇಡಿಯೋ ಡಿಫೆನ್ಸ್‌ಗೆ ಉಪಯೋಗವಾಯಿತಾ?

ನೇಪರ್‌ವಿಲ್_ಅಪ್ಪ
ಆಯಿತು, ಆದರೆ ಅರ್ಧ. ಮೈದಾನದಲ್ಲಿರುವ ಒಬ್ಬನಿಗೆ ಮಾತ್ರ ಕೇಳಿಸುತ್ತದೆ. ಮುಂದಿನ ಸ್ನ್ಯಾಪ್‌ಗೆ ಎಷ್ಟು ಸಮಯ ಇದೆ ಅಂತ ಎಣಿಸುವ ಪ್ಲೇ ಕ್ಲಾಕ್‌ನಲ್ಲಿ 15 ಸೆಕೆಂಡ್ ಉಳಿದಾಗ ಬಂದ್ ಆಗುತ್ತದೆ. ಅದಕ್ಕೂ ಮುಂಚೆ ಸ್ನ್ಯಾಪ್ ಆದರೆ ಆಗಲೇ ಬಂದ್. ಕೇಳಿಸಿಕೊಂಡವನು ಉಳಿದ ಹತ್ತು ಜನಕ್ಕೆ ಹೇಳಬೇಕು. ಟೆಂಪೋ ತಂಡ ಅಷ್ಟು ಹೊತ್ತು ಎಲ್ಲಿ ಕೊಡುತ್ತದೆ?

ಟೆಂಪೋ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ಮಗ ಹೈಸ್ಕೂಲ್ ತಂಡದಲ್ಲಿ ಸೇಫ್ಟಿ ಆಡುತ್ತಿದ್ದ. ಅವರ ಕೋಚ್ ಟಿವಿಯಲ್ಲಿ ನೋಡಿದ್ದನ್ನೆಲ್ಲ ಕಲಿಸುವ ಉತ್ಸಾಹಿ. ಪಾಸ್ ಕಾಯುವುದಕ್ಕೆ ಹನ್ನೊಂದು ಥರದ ಕವರೇಜ್, ಬೈಂಡರ್ ತುಂಬ ಚಿತ್ರ. ಊಟದ ಟೇಬಲ್ ಮೇಲೆ ಉಪ್ಪಿನ ಡಬ್ಬಿ, ಉಪ್ಪಿನಕಾಯಿ ಬಾಟಲಿ, ಚಮಚ ಜೋಡಿಸಿಕೊಂಡು ಅವನು ಅಭ್ಯಾಸ ಮಾಡುತ್ತಿದ್ದ. ಮೊದಲ ಮ್ಯಾಚಿನಲ್ಲೇ ಎದುರು ತಂಡ ಟೆಂಪೋ ಆಡಿತು. ನಮ್ಮ ಹುಡುಗರು ಕೋಚ್ ಕಡೆ ತಿರುಗಿ ಕೈಸನ್ನೆ ನೋಡುತ್ತಾ ನಿಂತಿದ್ದಾಗ ಸ್ನ್ಯಾಪ್ ಆಗಿ, ಒಬ್ಬ ರಿಸೀವರ್ ಅವರ ಬೆನ್ನ ಹಿಂದಿನಿಂದಲೇ ಓಡಿ ಹೋದ. ನನ್ನ ಮಗ ಇನ್ನೂ ಕೋಚ್ ಕಡೆಗೇ ನೋಡುತ್ತಿದ್ದ. ಆ ವಿಡಿಯೋ ಮನೆಯಲ್ಲಿ ಇದೆ. ಅವನ ಮದುವೆಯಲ್ಲಿ ಹಾಕುತ್ತೇನೆ.

ಮುಂದಿನ ವರ್ಷ ಬೇರೆ ಕೋಚ್ ಬಂದರು. ಮೂರೇ ಕವರೇಜ್. ಆದರೆ ಮೂರೂ ನಿಲ್ಲುವಾಗ ಒಂದೇ ಥರ ಕಾಣಬೇಕು, ಸ್ನ್ಯಾಪ್ ಆದಮೇಲೆ ಬೇರೆಯಾಗಬೇಕು. ಪ್ರತಿಯೊಂದಕ್ಕೂ ಒಂದೊಂದು ಪದ. ಮಗ ಆಗ ಬೇರೆಯೇ ಆಟಗಾರ ಆದ.

ಕಾಲೇಜಿನಲ್ಲೂ ವಾರಕ್ಕೆ 20 ಗಂಟೆಗಿಂತ ಹೆಚ್ಚು ಅಭ್ಯಾಸ ಮಾಡಿಸುವ ಹಾಗಿಲ್ಲ. ಅದರ ಜೊತೆ ಹುಡುಗರು ಕಾಲೇಜು ಬದಲಾಯಿಸುವ ಟ್ರಾನ್ಸ್‌ಫರ್ ಪೋರ್ಟಲ್. ವರ್ಷ ವರ್ಷ ಅರ್ಧ ಹುಡುಗರು ಹೊಸಬರು. ವೃತ್ತಿಪರರ ಡಿಫೆನ್ಸ್ ಅನ್ನು ಹಾಗೇ ತಂದು ಹಾಕಿದರೆ ಅಜೀರ್ಣವೇ.

ಪುಲ್‌ಮನ್_ಶೆಟ್ಟಿ
ಟೆಂಪೋಗೆ ಮದ್ದು ಬಹಳ ಸುಲಭ. ಯಾರಾದರೂ ಒಬ್ಬ ಮಂಡಿ ಹಿಡಿದುಕೊಂಡು ಬಿದ್ದುಬಿಡುವುದು.

ಅಥೆನ್ಸ್_ಅಮ್ಮ
ಅಯ್ಯೋ, ಅದೊಂದು ನಾಟಕ. ನಿಂತಿದ್ದವನು ಬೆಂಚ್ ಕಡೆ ನೋಡುತ್ತಾನೆ, ದೊಪ್ ಅಂತ ಬೀಳುತ್ತಾನೆ. ಯಕ್ಷಗಾನದಲ್ಲೂ ಇಷ್ಟು ಚೆನ್ನಾಗಿ ಬೀಳುವುದಿಲ್ಲ.

ನೇಪರ್‌ವಿಲ್_ಅಪ್ಪ
2025ರಿಂದ ಅದಕ್ಕೂ ರೂಲ್ ಬಂದಿದೆ. ಮುಂದಿನ ಆಟಕ್ಕೆ ಚೆಂಡು ಇಟ್ಟಾದಮೇಲೆ ಬಿದ್ದು ಡಾಕ್ಟರ್ ಬರಬೇಕಾದರೆ ಒಂದು ಟೈಮ್‌ಔಟ್ ಹೋಗುತ್ತದೆ. ಟೈಮ್‌ಔಟ್ ಇಲ್ಲದಿದ್ದರೆ ಐದು ಗಜ.

ಸುಮ್ನೆ_ನೋಡೋನು
ಅಲಬಾಮಾ ಕೋಚ್ ಆಗಿದ್ದ ನಿಕ್ ಸೇಬನ್ 2012ರಲ್ಲೇ ಟೆಂಪೋ ಬೇಡ ಅಂತ ಗೊಣಗಿದ್ದರು. ಆಮೇಲೆ ತಾವೇ ಲೇನ್ ಕಿಫಿನ್‌ರನ್ನು ಕರೆತಂದು ಅದನ್ನೇ ಆಡಿಸಿದರು. 2020ರಲ್ಲಿ ಅದೇ ಕಿಫಿನ್ ಓಲ್ ಮಿಸ್ ಕೋಚ್ ಆಗಿ ಬಂದು ಗುರುವಿನ ಮೇಲೆ 48 ಹೊಡೆದರು. ಗುರು 63 ಹೊಡೆದು ಗೆದ್ದರು. ಅದೇ ಉತ್ತರ. ಒಳ್ಳೆ ಡಿಫೆನ್ಸ್ ಅಂದರೆ ಇನ್ನೂ ಒಳ್ಳೆ ಆಫೆನ್ಸ್.

ಮೂರನೇ_ಸೇಫ್ಟಿ
ಇಷ್ಟು ಹೊತ್ತಿಗೆ ಒಂದು ಸರಿಯಾದ ವಾದ ಮಾಡಿದ್ದೀರಿ, ಆದರೆ ತಪ್ಪು. ಎಲ್‌ಎಸ್‌ಯು 2019ರಲ್ಲಿ ಹಾಗೆ ಗೆದ್ದಿತು, ನಿಜ. ಜೋ ಬರೋ 60 ಟಚ್‌ಡೌನ್ ಎಸೆದ. ಅಂಥವನು ಎಷ್ಟು ವರ್ಷಕ್ಕೊಮ್ಮೆ ಸಿಗುತ್ತಾನೆ? 2021ರಿಂದ 2024ರ ತನಕ ಗೆದ್ದವರನ್ನು ನೋಡಿ. 2021, 2022 ಜಾರ್ಜಿಯಾ. 2023 ಮಿಶಿಗನ್. 2024 ಓಹಾಯೋ ಸ್ಟೇಟ್. ಎಲ್ಲ ಡಿಫೆನ್ಸ್ ಇದ್ದ ತಂಡಗಳೇ.

ಕಬಡ್ಡಿ_ಕೆಂಚ
ನನಗೆ ಒಂದು ಸಂಶಯ. ಉಪಾಯ ಎಲ್ಲ ಸರಿ, ಕೊನೆಗೆ ಹಿಡಿಯಬೇಕಲ್ಲ? ಬಯಲಲ್ಲಿ ಒಬ್ಬನೇ ಒಬ್ಬನನ್ನು ಹಿಡಿಯುವುದು ಈ ಹುಡುಗರಿಗೆ ಬರುವುದೇ ಇಲ್ಲ. ಭುಜದಿಂದ ಗುದ್ದಿ ಬೀಳಿಸಲು ನೋಡುತ್ತಾರೆ, ಅವನು ತಿರುಗಿಕೊಂಡು ಹೋಗುತ್ತಾನೆ. ತಲೆಗೆ ಗುದ್ದಿದರೆ 2013ರಿಂದ ಆಟದಿಂದಲೇ ಹೊರಗೆ. ಕಾಲು ಹಿಡಿಯಿರಿ ಸ್ವಾಮಿ. ತೊಡೆ ಹಿಡಿದು ಎತ್ತಿ ಕೆಡವಿ. ನಮ್ಮೂರಿನಿಂದ ಒಬ್ಬ ಕಾರ್ನರ್ ಆಟಗಾರನನ್ನು ಎರಡು ತಿಂಗಳು ಕರೆಸಿ ಕಲಿಸಿದರೆ ಸಾಕು.

ನೇಪರ್‌ವಿಲ್_ಅಪ್ಪ
ತಮಾಷೆ ಅಲ್ಲ ಅಣ್ಣ. ರಗ್ಬಿ ಥರ ಭುಜ ತೊಡೆಗೆ ಒತ್ತಿ, ಎರಡು ಕೈಯಿಂದ ಕಾಲು ಬಳಸಿ ಉರುಳಿಸುವುದನ್ನು ಈಗ ಎಷ್ಟೋ ಕಡೆ ಕಲಿಸುತ್ತಾರೆ. ಮಗನಿಗೂ ಅದನ್ನೇ ಹೇಳಿಕೊಟ್ಟರು.

ದಾವಣಗೆರೆ_ಟು_ಡಲ್ಲಾಸ್
ನಿಕಲ್ ಬಗ್ಗೆ ಯಾರೂ ಜಾಸ್ತಿ ಹೇಳಲಿಲ್ಲ. ಅದೇ ಈಗಿನ ಮುಖ್ಯ ಕೆಲಸ. ಮೊದಲೆಲ್ಲ ಐದನೇ ಡಿಫೆನ್ಸಿವ್ ಬ್ಯಾಕ್ ಅಂದರೆ ಬೇಕಾದಾಗ ಕರೆಯುವವನು, ಈಗ ದಿನಗೂಲಿ ಹೋಗಿ ಕಾಯಂ ಆಗಿದ್ದಾನೆ. ಓಟ ತಡೆಯುವಷ್ಟು ಗಟ್ಟಿ ಇರಬೇಕು, ಪುಟ್ಟ ರಿಸೀವರ್ ಹಿಂದೆ ಓಡುವಷ್ಟು ಹಗುರ ಇರಬೇಕು. ಟಿಸಿಯುದಲ್ಲಿ ಗ್ಯಾರಿ ಪ್ಯಾಟರ್ಸನ್ ವರ್ಷಗಟ್ಟಲೆ ಮೊದಲೇ ಐವರನ್ನು ಇಟ್ಟು ಆಡುತ್ತಿದ್ದರು. ಎಡ ಅರ್ಧಕ್ಕೆ ಒಂದು ಕವರೇಜ್, ಬಲ ಅರ್ಧಕ್ಕೆ ಇನ್ನೊಂದು. ಆಗ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ.

ಕೊಲಂಬಸ್_ಕನ್ನಡಿಗ
ಎಲ್ಲರ ಮಾತೂ ಓದಿದೆ. ಇವತ್ತು ಬೆಳಿಗ್ಗೆ ಎದ್ದು ನಮ್ಮ 2024ರ ಎರಡು ಓರೆಗಾನ್ ಮ್ಯಾಚ್ ಪಕ್ಕಪಕ್ಕ ಇಟ್ಟು ನೋಡಿದೆ. ಅಕ್ಟೋಬರ್‌ನಲ್ಲಿ 32-31ರಲ್ಲಿ ಸೋತೆವು. ಉದ್ದುದ್ದ ಪಾಸ್‌ಗಳು, 2022ರ ದೆವ್ವವೇ ಮತ್ತೆ ಬಂದ ಹಾಗಿತ್ತು. ಜನವರಿ 1ಕ್ಕೆ ರೋಸ್ ಬೌಲ್‌ನಲ್ಲಿ ಅದೇ ಓರೆಗಾನ್, ಎರಡನೇ ಕ್ವಾರ್ಟರ್‌ನಲ್ಲೇ 34-0. ಎಂಟು ಸಲ ಕ್ವಾರ್ಟರ್‌ಬ್ಯಾಕ್ ನೆಲಕ್ಕೆ.

ನನ್ನ ಕಣ್ಣಿಗೆ ಕಂಡದ್ದು ಎರಡು. ಒಂದು, ಮುಂದಿನ ನಾಲ್ವರೂ ಹಳಬರು. ಸಾಯರ್, ಟುಯಿಮೊಲೊವೌ ಎಲ್ಲ ವೃತ್ತಿಪರ ಲೀಗಿಗೆ ಹೋಗದೆ ಇನ್ನೊಂದು ವರ್ಷ ಉಳಿದವರು. ಅವರೇ ಸಾಕಾಗುತ್ತಿದ್ದರಿಂದ ಹಿಂದಿನವರನ್ನು ಮುಂದೆ ಕಳಿಸಬೇಕಿರಲಿಲ್ಲ. ಇನ್ನೊಂದು, ಅಲಬಾಮಾದಿಂದ ಬಂದ ಕೇಲೆಬ್ ಡೌನ್ಸ್. ಒಂದು ಸಲ ಆಳದಲ್ಲಿ ನಿಲ್ಲುತ್ತಾನೆ, ಇನ್ನೊಂದು ಸಲ ಲೈನ್‌ಬ್ಯಾಕರ್ ಪಕ್ಕ. ನಿಂತ ಜಾಗ ನೋಡಿ ಅವನ ಕೆಲಸ ಏನು ಅಂತ ಹೇಳಲು ಆಗುವುದಿಲ್ಲ. ಹೆಂಡತಿ ಬಂದು ಕೇಳಿದಳು, ಸೋತ ಮ್ಯಾಚನ್ನು ಮತ್ತೆ ಯಾಕೆ ನೋಡುತ್ತಿದ್ದೀರಿ ಅಂತ. ಕಬಡ್ಡಿ ಮೇಷ್ಟ್ರ ಕಥೆ ಹೇಳಿದೆ. ಭುಜ ಅಲ್ಲಾಡಿಸು, ಕಾಲು ಅಲ್ಲಾಡಿಸಬೇಡ. ಮೊದಲು ಕಸ ಹೊರಗಿಟ್ಟು ಬನ್ನಿ ಅಂದಳು.

ಅಥೆನ್ಸ್_ಅಮ್ಮ
ಅಂದರೆ ಹುಡುಗರು ಚೆನ್ನಾಗಿದ್ದರೆ ಅಂತ ತಾನೇ? ನಾನು ಮೊದಲೇ ಹೇಳಿದೆ.

ಮೂರನೇ_ಸೇಫ್ಟಿ
ಅಂದರೆ ಸೇಫ್ಟಿ ಸುಳ್ಳು ಹೇಳಿದರೆ ಅಂತ. ನಾನೂ ಮೊದಲೇ ಹೇಳಿದೆ.

ಹಳೇ_ನೀಲಿ
13-10.

ಜಯನಗರ_ನಾಲ್ಕನೇ_ಬ್ಲಾಕ್
ಎಲ್ಲ ಓದಿ ನನಗೂ ಆಸೆಯಾಯಿತು. ನಿನ್ನೆ ರಾತ್ರಿ ಒಂದು ಮ್ಯಾಚ್ ಹುಡುಕಿ ನೋಡಲು ಕೂತೆ. ದಾವಣಗೆರೆಯವರು ಹೇಳಿದ್ದೇ, ಲಬಕ್‌ನದು. ಅರ್ಧ ಮುಗಿಯಿತು. ಆಚೆಯವರು ಹೊಡೆಯುತ್ತಾರೆ, ಈಚೆಯವರು ಹೊಡೆಯುತ್ತಾರೆ. ನೀವೆಲ್ಲ ಹೇಳುತ್ತಿರುವ ಆ ಡಿಫೆನ್ಸ್ ಎಷ್ಟು ಹೊತ್ತಿಗೆ ಬರುತ್ತದೆ?

ದಾವಣಗೆರೆ_ಟು_ಡಲ್ಲಾಸ್
ಆ ಮ್ಯಾಚಿಗೆ ಬರಲಿಲ್ಲ ಸರ್. ಮಿರ್ಚಿ ಮಾಡಿಕೊಂಡಿದ್ದೀರಾ?